‘ಎಂದರೆ ಸರಿಯಲ್ಲ’: ಕರಾವಳಿಯ ಎರಡು ಕೊಲೆ ವಿಚಾರಣೆಗಳು ಮತ್ತು ಆರೋಪಿ ಪರ ಸಾಕ್ಷ್ಯ

ಹೆಜಮಾಡಿಯ ದಕ್ಷಿಣಕ್ಕೆ ಶಾಂಭವಿ ಹೊಳೆ. ಹೆದ್ದಾರಿಯ ಸೇತುವೆ ದಾಟಿದರೆ ಮೂಲ್ಕಿ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಂದಿನಿಂದ ಈ ಹೊಳೆ ನ್ಯಾಯಾಲಯಗಳ ಗಡಿಯೂ ಹೌದು. ಆಚೆ ದಡದ ಕೊಲೆ ಮೊಕದ್ದಮೆ ಮಂಗಳೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ, ಈಚೆ ದಡದ್ದು ಪಡುಬಿದ್ರಿ ಠಾಣೆಯಿಂದ ಹೊರಟು ಉಡುಪಿಗೆ. ಎರಡೂ ಕಡೆಯ ಒಂದೊಂದು ವಿಚಾರಣೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಎರಡರಲ್ಲೂ ಅಭಿಯೋಜನೆಯ ಕಥೆ ಊರಿಗೆಲ್ಲ ಬಾಯಿಪಾಠ. ಆರೋಪಿಯ ಪರವಾದ ಸಾಕ್ಷ್ಯ ಯಾವ ದಾರಿಯಿಂದ ಕಡತಕ್ಕೆ ಬರುತ್ತದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಉಡುಪಿಯದು ಉದ್ಯಮಿ ಭಾಸ್ಕರ ಶೆಟ್ಟಿ ಕೊಲೆ ಪ್ರಕರಣ. 2016ರ ಜುಲೈ 28ರಂದು ಅವರು ಕಾಣೆಯಾದರು. ತಾಯಿ ದೂರು ಕೊಟ್ಟರು. ಇಂದ್ರಾಳಿಯ ಮನೆಯಲ್ಲಿ ಹೊಡೆದು, ಕಾರಿನಲ್ಲಿ ನಂದಳಿಕೆಗೆ ಸಾಗಿಸಿ, ಹೋಮಕುಂಡದಲ್ಲಿ ಸುಟ್ಟು, ಉಳಿದುದನ್ನು ಹೊಳೆಗೆ ಎಸೆದರು ಎಂಬುದು ಅಭಿಯೋಜನೆಯ ವಾದ. 2021ರ ಜೂನ್ 8ರಂದು ಉಡುಪಿಯ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಪತ್ನಿ, ಮಗ ಮತ್ತು ಒಬ್ಬ ಜ್ಯೋತಿಷಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸಾಕ್ಷ್ಯನಾಶದ ಆರೋಪ ಹೊತ್ತ ಇಬ್ಬರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು, ಇನ್ನೊಬ್ಬರು ಖುಲಾಸೆಯಾದರು.

ಮಂಗಳೂರಿನದು ‘ಸಯನೈಡ್ ಮೋಹನ್’ ಎಂದೇ ಹೆಸರಾದ, ಹಿಂದೆ ಪ್ರಾಥಮಿಕ ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್‌ನ ಸರಣಿ. 2009ರ ಅಕ್ಟೋಬರ್‌ನಲ್ಲಿ ಬಂಧನ, ಇಪ್ಪತ್ತು ಯುವತಿಯರ ಕೊಲೆಯ ಆರೋಪ, ಒಂದೊಂದಕ್ಕೂ ಪ್ರತ್ಯೇಕ ವಿಚಾರಣೆ. ಇಪ್ಪತ್ತನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಗರ್ಭ ತಡೆಯುವ ಮಾತ್ರೆಯೆಂದು ನಂಬಿಸಿ ಸಯನೈಡ್ ಕೊಡುತ್ತಿದ್ದ, ಶವಗಳು ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಗುತ್ತಿದ್ದವು ಎಂಬುದು ಆರೋಪದ ತಿರುಳು. ಈತ ತನ್ನ ವಾದವನ್ನು ತಾನೇ ಮಂಡಿಸಿದ ಎಂಬುದು ಈ ಟಿಪ್ಪಣಿಗೆ ಮುಖ್ಯ.

ಎರಡರಲ್ಲೂ ಕೊಲೆಯನ್ನು ಕಣ್ಣಾರೆ ಕಂಡ ಹೊರಗಿನವರಿಲ್ಲ. ಇಂಥಲ್ಲಿ ಸಂದರ್ಭ ಸಾಕ್ಷ್ಯದ ಕೊಂಡಿಗಳು ಒಂದಕ್ಕೊಂದು ಕೂಡಿ, ಆರೋಪಿಯ ತಪ್ಪನ್ನು ಬಿಟ್ಟು ಬೇರೆ ಊಹೆಗೆ ಎಡೆಯಿಲ್ಲದಂತಿರಬೇಕು ಎಂಬುದು 1984ರ ಶರದ್ ಬಿರ್ದಿಚಂದ್ ಸರ್ದಾ ತೀರ್ಪಿನಿಂದ ಗಟ್ಟಿಯಾದ ನಿಯಮ. ಹಾಗಾಗಿ ಆರೋಪಿ ಪರ ವಕೀಲರು ಇನ್ನೊಂದು ಪೂರ್ಣ ಕಥೆ ಕಟ್ಟಬೇಕಿಲ್ಲ, ಒಂದು ಕೊಂಡಿ ಸಡಿಲಿಸಿದರೆ ಸಾಕು. ಅದಕ್ಕೆ ಅವರು ಹೊರಗಿನಿಂದ ಸಾಕ್ಷಿ ಕರೆಯುವುದು ಅಪರೂಪ. ಅಭಿಯೋಜನೆ ಕರೆತಂದ ಸಾಕ್ಷಿಯೇ ಅವರ ಸಾಕ್ಷಿ.

ಕನ್ನಡದಲ್ಲಿ ಬರೆದ ಯಾವ ಸಾಕ್ಷಿಯ ಹೇಳಿಕೆ ತೆಗೆದರೂ ಕೊನೆಯ ಪುಟದಲ್ಲಿ ಒಂದು ವಾಕ್ಯಮಾಲೆ ಇರುತ್ತದೆ: ನಾನು ಆ ದಿನ ಸ್ಥಳಕ್ಕೆ ಹೋಗಿರಲಿಲ್ಲ ಎಂದರೆ ಸರಿಯಲ್ಲ, ಪೊಲೀಸರು ಠಾಣೆಯಲ್ಲೇ ಮಹಜರಿಗೆ ಸಹಿ ಹಾಕಿಸಿಕೊಂಡರು ಎಂದರೆ ಸರಿಯಲ್ಲ. ಪಾಟಿ ಸವಾಲಿನಲ್ಲಿ ವಕೀಲರು ಹಾಕಿದ ಸೂಚನೆ ಮತ್ತು ಸಾಕ್ಷಿಯ ನಿರಾಕರಣೆ ಎರಡೂ ಒಂದೇ ವಾಕ್ಯದಲ್ಲಿ ಅಂಟಿಕೊಂಡು ದಾಖಲಾಗುವ ಬಗೆ ಇದು. ಸಾಮಾನ್ಯ ಓದುಗರು ಹಾರಿಸಿಬಿಡುವ ಈ ಸಾಲುಗಳ ‘ಎಂದರೆ ಸರಿಯಲ್ಲ’ವನ್ನು ಕತ್ತರಿಸಿ ಉಳಿದುದನ್ನು ಸಾಲಾಗಿ ಜೋಡಿಸಿದರೆ ಆರೋಪಿಯ ಪ್ರತಿವಾದ ಪೂರ್ತಿ ಎದ್ದು ನಿಲ್ಲುತ್ತದೆ. ವಾದ ಮಂಡನೆಯ ದಿನಕ್ಕಿಂತ ತಿಂಗಳುಗಳ ಮೊದಲೇ ಅದು ಅಲ್ಲಿರುತ್ತದೆ.

ಸಾಕ್ಷಿ ಅಲ್ಲಗಳೆದ ಸೂಚನೆ ಆರೋಪಿಗೆ ಪುರಾವೆಯಾಗಿ ಒದಗುವುದಿಲ್ಲ. ಆದರೆ ಆರೋಪಿ ಸ್ಥಳದಲ್ಲಿದ್ದನೆಂದು ಒಪ್ಪಿಕೊಳ್ಳುವಂಥ ಸೂಚನೆ ವಕೀಲರ ಬಾಯಿಂದ ಬಂದರೆ ಅದನ್ನು ಆರೋಪಿಗೇ ವಿರುದ್ಧವಾಗಿ ಬಳಸಬಹುದು. ಬಾಳು ಸುದಾಮ್ ಖಾಲ್ಡೆ ಪ್ರಕರಣದಲ್ಲಿ (2023) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಪಳಗಿದ ವಕೀಲರೂ ಎಡವುವ ಜಾಗವಿದು. ಕಾನೂನು ಓದದ ಆರೋಪಿ ತಾನೇ ಎದ್ದುನಿಂತು ಲಾಡ್ಜ್‌ನವರನ್ನೋ ಸತ್ತವಳ ಮನೆಯವರನ್ನೋ ಪ್ರಶ್ನಿಸುವಾಗ ‘ನಾನು’ ಎಂಬ ಸರ್ವನಾಮವೇ ಅಪಾಯ. ವಕೀಲರಾದರೆ ‘ಆರೋಪಿ’ ಎಂದು ದೂರ ಇಟ್ಟು ಕೇಳುತ್ತಾರೆ, ಈತನಿಗೆ ಆ ದೂರವೂ ಇಲ್ಲ. ಹಾಗೆಂದು ಮೋಹನನ ಹಾದಿಯನ್ನು ಬರೀ ಹುಂಬತನ ಎಂದು ತಳ್ಳಿಹಾಕಲಾರೆ. 2013ರ ಡಿಸೆಂಬರ್‌ನಲ್ಲಿ ಮರಣದಂಡನೆ ಬಿದ್ದ ಪ್ರಕರಣಗಳು ಹೈಕೋರ್ಟಿಗೆ ಹೋದಾಗ, 2017ರ ಅಕ್ಟೋಬರ್‌ನಲ್ಲಿ ಒಂದರ ಶಿಕ್ಷೆ ಸಾಯುವವರೆಗಿನ ಸೆರೆವಾಸಕ್ಕೆ ಇಳಿಯಿತು, ಇನ್ನೊಂದರಲ್ಲಿ ಕೊಲೆ ಆರೋಪದಿಂದಲೇ ಆತ ಬಿಡುಗಡೆಯಾದ. ಒಂದೇ ಅಚ್ಚಿನ ಅಪರಾಧ ಎಂದು ಊರು ನಂಬಿದ್ದರೂ ಪ್ರತಿ ಪ್ರಕರಣದ ಕೊಂಡಿಗಳನ್ನು ಬೇರೆಬೇರೆಯಾಗಿ ಎಣಿಸಬೇಕಾಯಿತು.

ಭಾಸ್ಕರ ಶೆಟ್ಟಿ ಪ್ರಕರಣದಂಥದರಲ್ಲಿ ಪ್ರತಿವಾದದ ಮೊದಲ ಪ್ರಶ್ನೆ ಸತ್ತದ್ದು ನಿಜವೇ, ಸತ್ತದ್ದು ಅವರೇ ಎಂಬುದು. ಇಡೀ ಶವ ಸಿಗಲೇಬೇಕೆಂದು ಕಾನೂನು ಹೇಳುವುದಿಲ್ಲ. 1981ರ ರಾಮಾನಂದ ತೀರ್ಪಿನಿಂದ ಈಚೆಗೆ ಆ ವಾದಕ್ಕೆ ಬಲವಿಲ್ಲ. ಉಳಿಯುವುದು ಮೂಳೆ ಚೂರು. ಅದು ಹೊಳೆಯಿಂದ ಪ್ರಯೋಗಾಲಯದವರೆಗೆ ಹೋದ ದಾರಿಯ ಒಂದೊಂದು ಹೆಜ್ಜೆಗೂ ಒಬ್ಬ ಸಾಕ್ಷಿ ಇರುತ್ತಾನೆ: ಎತ್ತಿದವನು, ಮಹಜರಿಗೆ ಸಹಿ ಹಾಕಿದ ಪಂಚ, ಮೊಹರು ಹಾಕಿದ ಅಧಿಕಾರಿ, ಒಯ್ದು ಕೊಟ್ಟ ಕಾನ್‌ಸ್ಟೆಬಲ್, ಡಿಎನ್‌ಎ ತಾಳೆ ನೋಡಿದ ತಜ್ಞ. ಬಲ್ಲ ವಕೀಲರು ತಜ್ಞರಿಗಿಂತ ಹೆಚ್ಚು ಹೊತ್ತು ಕಾನ್‌ಸ್ಟೆಬಲ್‌ನನ್ನು ನಿಲ್ಲಿಸಿಕೊಳ್ಳುತ್ತಾರೆ. ವಿಜ್ಞಾನವನ್ನು ಅಲುಗಿಸುವುದು ಕಷ್ಟ. ಪೊಟ್ಟಣ ಯಾವ ರಾತ್ರಿ ಯಾವ ಕಪಾಟಿನಲ್ಲಿತ್ತು ಎಂದು ಕೇಳುವುದು ಸುಲಭ. ಆರೋಪಿ ತೋರಿಸಿಕೊಟ್ಟ ಜಾಗದ ಮಹಜರಿನಲ್ಲೂ ಹೀಗೆಯೇ. ಆಗಿನ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಂತೆ ಅವನ ಹೇಳಿಕೆಯಲ್ಲಿ ಪತ್ತೆಗೆ ನೇರವಾಗಿ ಕಾರಣವಾದ ಭಾಗ ಮಾತ್ರ ಸ್ವೀಕಾರಾರ್ಹ. ‘ಸುಟ್ಟೆ’ ಎಂಬ ಒಪ್ಪಿಗೆ ಕಡತದಲ್ಲಿದ್ದರೂ ಲೆಕ್ಕಕ್ಕಿಲ್ಲ.

ಹಾಗಾದರೆ ಆರೋಪಿ ತನ್ನದೇ ಸಾಕ್ಷಿಯನ್ನೇಕೆ ಕರೆಯುವುದಿಲ್ಲ? ಅಭಿಯೋಜನೆಯ ಸಾಕ್ಷ್ಯ ಮುಗಿದು, ದಂಡಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ಆರೋಪಿಯ ಹೇಳಿಕೆಯಾದ ಮೇಲೆ, 233ನೇ ಕಲಮು ಆ ಅವಕಾಶ ಕೊಡುತ್ತದೆ (2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 351 ಮತ್ತು 256). ತಾನೇ ಸಾಕ್ಷಿಕಟ್ಟೆ ಏರಬೇಕೆಂದರೆ ಲಿಖಿತ ಕೋರಿಕೆ ಬೇಕು. ಏರದಿದ್ದರೆ ಅದನ್ನು ಅವನ ವಿರುದ್ಧ ಎತ್ತಿ ಆಡುವಂತಿಲ್ಲ. ಆರೋಪಿ ಪರ ಸಾಕ್ಷಿಗಳನ್ನೂ ಸರ್ಕಾರದ ಸಾಕ್ಷಿಗಳ ಸಮಕ್ಕೆ ತೂಗಬೇಕೆಂದು ದೂಧ್ ನಾಥ್ ಪಾಂಡೆ ಪ್ರಕರಣದಲ್ಲಿ (1981) ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟಿದ್ದೂ ಹಿಂಜರಿಕೆಗೆ ಕಾರಣ ಲೆಕ್ಕಾಚಾರವೇ. ಕರೆದ ಸಾಕ್ಷಿ ಸರ್ಕಾರಿ ಅಭಿಯೋಜಕರ ಪಾಟಿ ಸವಾಲಿಗೆ ಸಿಗುತ್ತಾನೆ. ‘ಆ ದಿನ ಬೇರೆಡೆ ಇದ್ದ’ ಎಂಬ ಮಾತು ಸುಳ್ಳೆಂದು ತೋರಿದರೆ, ಸರಪಳಿ ಮೊದಲೇ ಪೂರ್ಣವಾಗಿದ್ದಲ್ಲಿ ಅದಕ್ಕೆ ಇನ್ನೊಂದು ಕೊಂಡಿ ತಾನೇ ಬೆಸೆದಂತೆ. ಮನೆಯೊಳಗಿನ ಕೊಲೆಯಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು. ಮನೆಯವರಿಗಷ್ಟೇ ತಿಳಿದಿರಬಹುದಾದ ಸಂಗತಿಗೆ ಅವರೇ ವಿವರಣೆ ಕೊಡಬೇಕೆಂದು 2006ರ ತ್ರಿಮುಖ್ ಮಾರುತಿ ಕಿರ್ಕನ್ ತೀರ್ಪು ನಿರೀಕ್ಷಿಸುತ್ತದೆ. ಮಾತಾಡಿದರೆ ಒಂದು ಕಷ್ಟ, ಸುಮ್ಮನಿದ್ದರೆ ಇನ್ನೊಂದು. ಹೊರಗಿನ ಆರೋಪಿಗೆ ಈ ಹೊರೆ ಇಲ್ಲ. ಆಗಿನ ದಂಡ ಸಂಹಿತೆಯ ಸಾಕ್ಷ್ಯನಾಶದ 201ನೇ ಕಲಮಿನಡಿ, ಅಪರಾಧ ನಡೆದದ್ದು ಅವನಿಗೆ ತಿಳಿದಿತ್ತು ಎಂಬುದನ್ನೇ ಅಭಿಯೋಜನೆ ಮೊದಲು ತೋರಿಸಬೇಕು. ಒಂದೇ ಕಟಕಟೆಯಲ್ಲಿ ನಿಂತವರ ಹಿತಗಳು ಹೀಗೆ ಕವಲೊಡೆಯುತ್ತವೆ.

ನಮ್ಮ ಕರಾವಳಿಗೇ ವಿಶೇಷವಾದ ಒಂದು ಸಂಗತಿ ಕಾನೂನು ಬರಹಗಳಲ್ಲಿ ಕಾಣಸಿಗುವುದಿಲ್ಲ. ಹೆಜಮಾಡಿ ಕೋಡಿಯ ಮೀನುಗಾರನೊಬ್ಬ ಸಾಕ್ಷಿ ಹೇಳಿದರೆ ತುಳುವಿನಲ್ಲಿ ಹೇಳುತ್ತಾನೆ, ದಾಖಲಾಗುವುದು ಕನ್ನಡದಲ್ಲಿ. ‘ಬಯ್ಯ’ ಎಂದರೆ ಹೊತ್ತು ಇಳಿದಲ್ಲಿಂದ ಕತ್ತಲಾಗುವ ತನಕ. ಕಡತಕ್ಕೆ ಬರುವಾಗ ಅದು ‘ಸಂಜೆ’. ಕೊನೆಯ ಬಾರಿ ಕಂಡ ಹೊತ್ತೇ ಮೊಕದ್ದಮೆಯ ಜೀವವಾಗಿದ್ದಾಗ ಈ ಅಂತರ ಸಣ್ಣದಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ‘ನಾವು’. ತುಳುವಿನಲ್ಲಿ ಕೇಳುವವನನ್ನು ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಲು’. ಕನ್ನಡಕ್ಕೆ ಈ ಭೇದವಿಲ್ಲ. ಆರೋಪಿ ತನ್ನ ನೆರೆಯವನೊಡನೆ ಆಡಿದ ಮಾತೊಂದು ‘ನಾವು ಹೊಳೆಗೆ ಹೋಗಿದ್ದೆವು’ ಎಂದು ದಾಖಲಾಗಿದೆ ಎಂದುಕೊಳ್ಳೋಣ. ಮೂಲದಲ್ಲಿ ‘ಎಂಕುಲು’ ಇದ್ದರೆ ನೆರೆಯವನು ಬರೀ ಕೇಳಿದವನು. ‘ನಮ’ ಇದ್ದರೆ ಜೊತೆಗೆ ಹೋದವನು, ಅಂದರೆ ಸಹಾಪರಾಧಿಯೂ ಇರಬಹುದು. ಸಹಾಪರಾಧಿಯ ಸಾಕ್ಷ್ಯವನ್ನು ಬೇರೆ ಸಮರ್ಥನೆಯಿಲ್ಲದೆ ನ್ಯಾಯಾಲಯಗಳು ಸಾಮಾನ್ಯವಾಗಿ ನಂಬುವುದಿಲ್ಲ. ದಂಡಪ್ರಕ್ರಿಯಾ ಸಂಹಿತೆಯ 277ನೇ ಕಲಮು, ಸಾಧ್ಯವಿದ್ದಲ್ಲಿ, ಸಾಕ್ಷಿ ಆಡಿದ ನುಡಿಯಲ್ಲೇ ಬರೆದುಕೊಳ್ಳಲು ಅವಕಾಶ ಕೊಟ್ಟಿತ್ತು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯಲು ಅಡ್ಡಿಯೇನಿದೆ? ಅಂಥ ನೆರೆಯವನು ಸಾಕ್ಷಿಕಟ್ಟೆ ಹತ್ತಿದಾಗ ಆರೋಪಿ ಪರ ವಕೀಲರ ಮೊದಲ ಪ್ರಶ್ನೆ ಆರೋಪಿ ಅಂದದ್ದು ‘ನಮ’ ಎಂದೋ ‘ಎಂಕುಲು’ ಎಂದೋ ಎಂಬುದಾಗಬೇಕು, ಉತ್ತರವನ್ನು ಆ ಶಬ್ದದಲ್ಲೇ ಬರೆಸಬೇಕು.