ಮೀನಖಂಡ ನಿಜಕ್ಕೂ ‘ಎರಡನೇ ಹೃದಯ’ವೇ? ವ್ಯಾಯಾಮದ ವೇಳೆ ರಕ್ತ ಹೃದಯಕ್ಕೆ ಮರಳುವುದು ಹೀಗೆ

ಕಾಲಿನ ಮೀನಖಂಡವೇ ನಮ್ಮ ಎರಡನೇ ಹೃದಯ, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಹೃದಯದ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎನ್ನುವ ಅರ್ಥದ ಮೆಸೇಜ್‌ಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಓಡಾಡುತ್ತವೆ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರ ಮೊದಲ ಅರ್ಧ ಬಹುಪಾಲು ಸರಿ. ಎರಡನೇ ಅರ್ಧ ತಪ್ಪು, ನಂಬಿ ಕುಳಿತರೆ ಅಪಾಯ ಕೂಡ. ಎರಡನ್ನೂ ಬೇರ್ಪಡಿಸಿ ನೋಡೋಣ.

ಹೋಗುವುದು ಸುಲಭ, ಬರುವುದು ಕಷ್ಟ

ವಿಶ್ರಾಂತಿಯಲ್ಲಿರುವಾಗ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪ್ ಮಾಡುತ್ತದೆ. ಜೋರಾಗಿ ಓಡುವಾಗ ಇದು 20 ಲೀಟರ್ ದಾಟಬಹುದು. ಆದರೆ ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್! ಅಂದರೆ ಅದೇ ರಕ್ತ ಒಂದೇ ನಿಮಿಷದಲ್ಲಿ ನಾಲ್ಕು ಸುತ್ತು ಹೊಡೆಯಬೇಕು. ಹೃದಯದಿಂದ ಎಷ್ಟು ಹೋಯಿತೋ ಅಷ್ಟೂ ಅದೇ ವೇಗದಲ್ಲಿ ವಾಪಸ್ ಬರಬೇಕು.

ಹೃದಯದಿಂದ ಹೊರಡುವ ರಕ್ತಕ್ಕೆ ಅದರ ಬಡಿತದ ಒತ್ತಡ ಇರುತ್ತದೆ. ಸಣ್ಣ ಸಣ್ಣ ನಾಳಗಳನ್ನು ದಾಟಿ ಅಭಿಧಮನಿಗಳಿಗೆ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳಿಗೆ, ಬರುವ ಹೊತ್ತಿಗೆ ಆ ಒತ್ತಡ ಬಹುಪಾಲು ಮುಗಿದಿರುತ್ತದೆ. ಮೇಲಾಗಿ ನಾವು ಎರಡು ಕಾಲಿನ ಮೇಲೆ ನಿಲ್ಲುವವರು. ಪಾದದಿಂದ ಎದೆಯವರೆಗೆ ರಕ್ತ ಮೇಲೇರಬೇಕು. ನಾವು ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ದೇಹದ ಕೆಳಭಾಗಕ್ಕೆ ಇಳಿಯುತ್ತದೆ.

ನಾಳದೊಳಗಿನ ಒನ್-ವೇ ಬಾಗಿಲು

ಇಳಿದ ರಕ್ತವನ್ನು ಮೇಲಕ್ಕೆ ಕಳಿಸಲು ದೇಹದ ಮೊದಲ ಉಪಾಯ ಕವಾಟಗಳು. ಕೈಕಾಲುಗಳ ಅಭಿಧಮನಿಗಳ ಒಳಗೆ ಅಲ್ಲಲ್ಲಿ ಪುಟ್ಟ ಬಾಗಿಲುಗಳಿವೆ. ಅವು ಹೃದಯದ ಕಡೆಗೆ ಮಾತ್ರ ತೆರೆಯುತ್ತವೆ. ಇಟಲಿಯ ಪಡುವಾದ ವೈದ್ಯ ಫ್ಯಾಬ್ರಿಷಿಯಸ್ 1603ರಲ್ಲಿ ಇವುಗಳ ಬಗ್ಗೆ ಬರೆದರೂ ಅವುಗಳ ಕೆಲಸವೇನು ಎಂಬುದು ಅವರಿಗೆ ಸರಿಯಾಗಿ ಹೊಳೆಯಲಿಲ್ಲ. ಅವರ ಶಿಷ್ಯ, ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಾದಿಸುವಾಗ ಈ ಕವಾಟಗಳನ್ನೇ ಸಾಕ್ಷಿಯಾಗಿ ಬಳಸಿದರು.

ಹಾರ್ವೆ ತೋರಿಸಿದ್ದನ್ನು ನೀವೂ ಮಾಡಿ ನೋಡಬಹುದು. ಕೈ ಕೆಳಗೆ ಜೋತುಬಿಡಿ. ಮುಂಗೈಯಲ್ಲಿ ಉಬ್ಬಿದ ಒಂದು ನಾಳವನ್ನು ಬೆರಳಿನಿಂದ ಒತ್ತಿಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ರಕ್ತವನ್ನು ಮೆಲ್ಲಗೆ ಸವರಿ, ಆ ಬೆರಳನ್ನು ತೆಗೆಯಿರಿ. ನಡುವೆ ಕವಾಟ ಇದ್ದರೆ ಮೇಲಿನ ರಕ್ತ ಕೆಳಗೆ ವಾಪಸ್ ಬರುವುದಿಲ್ಲ, ಅಷ್ಟು ಜಾಗ ಚಪ್ಪಟೆಯಾಗಿಯೇ ಇರುತ್ತದೆ. ಮೊದಲ ಬೆರಳು ಎತ್ತಿದ ಕೂಡಲೇ ಕೆಳಗಿನಿಂದ ತುಂಬಿಕೊಳ್ಳುತ್ತದೆ.

ಕಾಲು ಹಿಂಡುತ್ತದೆ, ಉಸಿರು ಎಳೆಯುತ್ತದೆ

ಬಾಗಿಲು ಇದ್ದರೆ ಸಾಲದು, ತಳ್ಳುವವರು ಬೇಕು. ಮೊಣಕಾಲಿನ ಕೆಳಗೆ ಹಿಂಭಾಗದಲ್ಲಿರುವ ದಪ್ಪ ಸ್ನಾಯುವೇ ಮೀನಖಂಡ. ಪ್ರತಿ ಹೆಜ್ಜೆಗೂ ಅದು ಬಿಗಿಯಾಗಿ, ಒಳಗಿನ ನಾಳಗಳನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತದೆ. ಕವಾಟಗಳಿಂದಾಗಿ ರಕ್ತ ಮೇಲಕ್ಕೇ ಹೋಗಬೇಕು. ಸ್ನಾಯು ಸಡಿಲವಾದಾಗ ಖಾಲಿಯಾದ ನಾಳಕ್ಕೆ ಕೆಳಗಿನಿಂದ ಹೊಸ ರಕ್ತ ಬರುತ್ತದೆ. ಸುಮ್ಮನೆ ನಿಂತಾಗ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿ.ಮೀ. ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು ಸುಮಾರು 30ರ ಆಸುಪಾಸಿಗೆ ಇಳಿಯುತ್ತದೆ.

ಎರಡನೇ ಸಹಾಯ ಉಸಿರಾಟದ್ದು. ಉಸಿರು ಎಳೆದುಕೊಂಡಾಗ ಎದೆಯೊಳಗಿನ ಒತ್ತಡ ಕಡಿಮೆಯಾಗುತ್ತದೆ, ವಪೆ ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ. ಹೊಟ್ಟೆಯ ನಾಳಗಳಲ್ಲಿರುವ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಓಡುವಾಗ ಉಸಿರಾಟ ಆಳವಾಗುವುದರಿಂದ ಈ ಸೆಳೆತವೂ ಹೆಚ್ಚುತ್ತದೆ.

ಮೂರನೆಯದು ನರಗಳ ಕೆಲಸ. ವಿಶ್ರಾಂತಿಯಲ್ಲಿ ದೇಹದ ಅರ್ಧಕ್ಕಿಂತ ಹೆಚ್ಚು ರಕ್ತ ಅಭಿಧಮನಿಗಳಲ್ಲೇ ಇರುತ್ತದೆ. ವ್ಯಾಯಾಮ ಶುರುವಾದಾಗ ನರಗಳ ಸೂಚನೆಯಂತೆ ಕರುಳು, ಯಕೃತ್ತಿನಂಥ ಭಾಗಗಳ ನಾಳಗಳು ಬಿಗಿಯಾಗಿ, ಅಲ್ಲಿದ್ದ ರಕ್ತವನ್ನು ಚಲಾವಣೆಗೆ ಬಿಡುತ್ತವೆ.

ಹೆಚ್ಚು ರಕ್ತ ಬಂದರೆ ಹೃದಯದ ಗೋಡೆ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದ ಸ್ನಾಯು ಇನ್ನಷ್ಟು ಬಲವಾಗಿ ಕುಗ್ಗುತ್ತದೆ. ಬಂದಷ್ಟನ್ನೂ ಕಳಿಸುವ ಹೃದಯದ ಈ ಗುಣವನ್ನು ಫ್ರ್ಯಾಂಕ್-ಸ್ಟಾರ್ಲಿಂಗ್ ನಿಯಮ ಎನ್ನುತ್ತಾರೆ.

ಓಡಿ ತಟ್ಟನೆ ನಿಂತರೆ?

ಶಾಲೆಯ ಓಟದ ಸ್ಪರ್ಧೆ, ಪೊಲೀಸ್ ಅಥವಾ ಸೇನಾ ನೇಮಕಾತಿಗೆ ಓಟದ ಅಭ್ಯಾಸ, ಜಿಮ್‌ನ ಟ್ರೆಡ್‌ಮಿಲ್ ಎಲ್ಲೇ ಆಗಲಿ, ಗೆರೆ ಮುಟ್ಟಿದ ಕೂಡಲೇ ಅಲ್ಲೇ ನಿಂತುಬಿಡುವವರಿದ್ದಾರೆ. ಆಗ ಕಾಲಿನ ನಾಳಗಳು ಇನ್ನೂ ಅಗಲವಾಗಿ ತೆರೆದಿರುತ್ತವೆ, ಆದರೆ ಹಿಂಡುವ ಕೆಲಸ ನಿಂತುಹೋಗಿರುತ್ತದೆ. ರಕ್ತ ಕಾಲಲ್ಲಿ ಉಳಿಯುತ್ತದೆ, ಬಿಪಿ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಕೆಲವರು ಬಿದ್ದೇಬಿಡುತ್ತಾರೆ. ಆದ್ದರಿಂದ ಓಟ ಮುಗಿದ ಮೇಲೆ ಐದು ನಿಮಿಷವಾದರೂ ನಿಧಾನವಾಗಿ ನಡೆಯಿರಿ ಎಂಬ ಸಲಹೆ ಸುಮ್ಮನೆ ಹೇಳಿದ್ದಲ್ಲ.

ಬೆಳಗಿನ ಪ್ರಾರ್ಥನೆಯಲ್ಲಿ ಅಲುಗಾಡದೆ ನಿಂತ ಮಕ್ಕಳು ತಲೆ ಸುತ್ತಿ ಬೀಳುವುದರಲ್ಲೂ ಹೆಚ್ಚಾಗಿ ಇದರ ಪಾತ್ರವಿದೆ. ಆಗ ನಾವು ಮಾಡುವ ತಪ್ಪೆಂದರೆ, ನಾಲ್ಕು ಜನ ಹಿಡಿದು ಎತ್ತಿ ಕೂರಿಸುವುದು. ಹಾಗೆ ಮಾಡಬೇಡಿ. ಅಂಗಾತ ಮಲಗಿಸಿ, ಕಾಲನ್ನು ಸ್ವಲ್ಪ ಮೇಲಕ್ಕೆ ಎತ್ತಿಹಿಡಿಯಿರಿ. ಪೂರ್ತಿ ಎಚ್ಚರವಾಗುವ ಮುನ್ನ ಬಾಯಿಗೆ ನೀರು ಹಾಕಬೇಡಿ. ಎಚ್ಚರವೇ ಆಗದೆ, ಉಸಿರಾಟವೂ ಸರಿಯಾಗಿಲ್ಲದಿದ್ದರೆ ಅದು ಸಾಮಾನ್ಯ ತಲೆಸುತ್ತಲ್ಲ. ತಕ್ಷಣ 108ಕ್ಕೆ ಕರೆ ಮಾಡಿ, ಎದೆಯ ಮಧ್ಯಭಾಗವನ್ನು ಬಲವಾಗಿ, ವೇಗವಾಗಿ ಒತ್ತಲು ಆರಂಭಿಸಿ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬಿದ್ದವರು ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು.

ಫಾರ್ವರ್ಡ್ ತಪ್ಪುವುದು ಎಲ್ಲಿ?

ಮೀನಖಂಡಕ್ಕೆ ಹೃದಯದಂತೆ ತನ್ನದೇ ಬಡಿತ ಇಲ್ಲ. ನಾವು ಕಾಲಾಡಿಸಿದರೆ ಮಾತ್ರ ಅದು ಪಂಪ್. ಇನ್ನು ಹಾರ್ಟ್ ಅಟ್ಯಾಕ್ ಆಗುವುದು ಸಾಮಾನ್ಯವಾಗಿ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಅಪಧಮನಿ ಮುಚ್ಚಿಕೊಂಡಾಗ. ಹಿಮ್ಮಡಿ ಎತ್ತಿ ಇಳಿಸಿದರೆ ಆ ಬ್ಲಾಕ್ ತೆರೆದುಕೊಳ್ಳುವುದಿಲ್ಲ. ನಿಯಮಿತ ನಡಿಗೆ ಹೃದ್ರೋಗದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ ನಿಜ, ಆದರೆ ಅದು ಬಿಪಿ, ಶುಗರ್ ಮಾತ್ರೆಗೆ ಬದಲಿಯಲ್ಲ. ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ವ್ಯಾಯಾಮ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಪ್ರತಿ ನಿಮಿಷವೂ ಮುಖ್ಯ.

ಇನ್ನೊಂದು ಎಚ್ಚರಿಕೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ, ವೈದ್ಯರ ಬಳಿ ಹೋಗಿ. ಜೊತೆಗೆ ಉಸಿರಾಟದ ತೊಂದರೆಯೂ ಇದ್ದರೆ ಅದು ತುರ್ತು ಪರಿಸ್ಥಿತಿ.

ಹಾಗಾದರೆ ಹಿಮ್ಮಡಿ ವ್ಯಾಯಾಮ ಬೇಡವೇ? ಖಂಡಿತ ಬೇಕು. ದಿನವಿಡೀ ನಿಲ್ಲುವ ಟೀಚರ್, ಸೆಕ್ಯುರಿಟಿ ಗಾರ್ಡ್, ಹೋಟೆಲ್ ಕೆಲಸಗಾರರಿಗೂ, ರಾತ್ರಿ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುವವರಿಗೂ ಆಗಾಗ ಪಾದ ಆಡಿಸುವುದು, ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು. ಆ ಮೆಸೇಜ್ ಮತ್ತೆ ಬಂದರೆ ಗ್ರೂಪಿನಲ್ಲಿ ಇಷ್ಟು ಬರೆಯಿರಿ: ಕಾಲಿನ ಪಂಪ್ ನಿಜ, ಅದು ಹೃದಯಕ್ಕೆ ಸಹಾಯಕ, ಹೃದಯದ ಚಿಕಿತ್ಸೆ ಅಲ್ಲ.