ಎಂಡೊಮೆಟ್ರಿಯೋಸಿಸ್: ಸ್ಕ್ಯಾನಿಂಗ್ ಮೂಲಕ ರೋಗಪತ್ತೆ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ, ಮಲನಾಳ, ಮೂತ್ರಕೋಶ ಮುಂತಾದ ಕಡೆ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಮುಟ್ಟಿನಲ್ಲಿ ತಾಳಲಾಗದ ನೋವು, ಕೂಡುವಾಗ ಮತ್ತು ಮಲ ವಿಸರ್ಜಿಸುವಾಗ ನೋವು, ಗರ್ಭ ನಿಲ್ಲದಿರುವುದು ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನವರಲ್ಲಿ ಸುಮಾರು ಶೇ 10ರಷ್ಟು, ಅಂದರೆ 19 ಕೋಟಿ ಮಂದಿಗೆ ಇದು ಇದೆ.

ಮೊದಲು ಮಾಡಬೇಕಾದದ್ದು ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ‘ಚಾಕೊಲೇಟ್ ಸಿಸ್ಟ್’ ಇದರಲ್ಲಿ ಮಸುಕು ಗಾಜಿನಂತೆ ಒಂದೇ ಸಮನಾದ ಬೂದುಬಣ್ಣದಲ್ಲಿ ಕಾಣುತ್ತದೆ. ಆಳಕ್ಕಿಳಿದ ಗಂಟುಗಳನ್ನು ಮಾತ್ರ ಹುಡುಕಿಯೇ ನೋಡಬೇಕು. ಪ್ರೋಬ್‌ನಿಂದ ಮೆಲ್ಲಗೆ ಒತ್ತಿದಾಗ ಗರ್ಭಕೋಶದ ಹಿಂಬದಿಯಲ್ಲಿ ಮಲನಾಳ ಸರಾಗವಾಗಿ ಜಾರಬೇಕು. ಜಾರದಿದ್ದರೆ ಎರಡೂ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಎರಡು ಅಂಡಾಶಯಗಳು ನಡುವೆ ಬಂದು ಒಂದಕ್ಕೊಂದು ತಾಗಿದ್ದರೂ ಅದೇ ಸೂಚನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೊಟ್ಟೆನೋವೆಂದು ಬಂದವರಿಗೆ ಸಾಮಾನ್ಯವಾಗಿ ಬರೆದುಕೊಡುವ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡದ ಕಲ್ಲು ಸಿಗಬಹುದು, ದೊಡ್ಡ ಸಿಸ್ಟ್ ಸಿಗಬಹುದು, ಈ ಅಂಟು ಸಿಗುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ವೈದ್ಯರು ತಮ್ಮ ಅನುಮಾನವನ್ನು ಬರೆಯುವುದು ಬಹಳ ಮುಖ್ಯ.

ಮದುವೆಯಾಗದ ಹುಡುಗಿಯರಿಗೆ ಯೋನಿ ಮೂಲಕದ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ಎಂಆರ್‌ಐ ಒಳ್ಳೆಯ ದಾರಿ. ಅದರಲ್ಲಿ ಹಳೆಯ ರಕ್ತ ಟಿ-1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಟಿ-2 ಚಿತ್ರದಲ್ಲಿ ಮಂಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಕರುಳು, ಮೂತ್ರನಾಳಗಳ ಸ್ಥಿತಿ ಅರಿಯಲೂ ಇದು ಬೇಕಾಗುತ್ತದೆ. ಸಿ.ಟಿ.ಯ ಉಪಯೋಗ ಕಡಿಮೆ.

ಒಳಪೊರೆಯ ಮೇಲೆ ತೆಳುವಾಗಿ ಹರಡಿದ ಚುಕ್ಕೆಗಳು ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣದೇ ಹೋಗಬಹುದು. ‘ನಾರ್ಮಲ್’ ಎಂಬ ವರದಿ ತೋರಿಸಿ ನೋವು ಸುಳ್ಳೆನ್ನುವುದು ಅನ್ಯಾಯ. ಹಿಂದೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿಯನ್ನೇ ಅಂತಿಮ ಪ್ರಮಾಣವೆಂದು ಎಣಿಸುತ್ತಿದ್ದರು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಎಷ್ರೆ 2022ರ ಮಾರ್ಗಸೂಚಿಯಲ್ಲಿ ಆ ಪಟ್ಟವನ್ನು ತೆಗೆದುಹಾಕಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ, ಅಥವಾ ಲಕ್ಷಣ ನೋಡಿ ಕೊಟ್ಟ ಔಷಧ ಫಲಿಸದಿದ್ದಾಗ ಮಾತ್ರ ಲ್ಯಾಪರೊಸ್ಕೋಪಿ ಮಾಡಬೇಕೆಂದು ಹೇಳಿತು.

ಹಾವೇರಿ ಜಿಲ್ಲೆಯಲ್ಲಿ ರೋಗಪತ್ತೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆದರೆಂದು ದೂರಿ ರಾಣೆಬೆನ್ನೂರು ತಾಲ್ಲೂಕಿನ ಮಹಿಳೆಯರು, ಅವರಲ್ಲಿ ಅನೇಕ ಲಂಬಾಣಿ ತಾಂಡಾದವರು, ಬೀದಿಗಿಳಿದು ಹೋರಾಡಿದ್ದಾರೆ. ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡಲು ರಾಜ್ಯಗಳಿಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದೂ ಅಲ್ಲದೆ, ಎಂಡೊಮೆಟ್ರಿಯೋಸಿಸ್ ಇರುವುದು ಗರ್ಭಕೋಶದ ಹೊರಗೆ. ಹೊರಗಿನ ಗಂಟುಗಳನ್ನು ಬಿಟ್ಟು ಗರ್ಭಕೋಶವನ್ನಷ್ಟೇ ತೆಗೆದರೆ ನೋವು ಉಳಿಯಬಹುದು.