ಚಿತ್ರ ನಮ್ಮದು, ಬೀಗದ ಕೈ ಯಾರದು?

ಫಿಲಂ ರೋಲಿನ ಕಾಲವನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಕ್ಯಾಮರಾ ಯಾವ ಕಂಪೆನಿಯದ್ದಾದರೂ ಸರಿ, ಅದರೊಳಗೆ ಕೊಡಕ್ ರೋಲನ್ನೂ ಹಾಕಬಹುದಿತ್ತು, ಫ್ಯೂಜಿ ರೋಲನ್ನೂ ಹಾಕಬಹುದಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ರೋಲು ಜಪಾನಿನ ಕ್ಯಾಮರಾಕ್ಕೂ ಒಗ್ಗುತ್ತಿತ್ತು, ಜರ್ಮನಿಯ ಕ್ಯಾಮರಾಕ್ಕೂ ಒಗ್ಗುತ್ತಿತ್ತು. ಮದುವೆ ಮುಗಿದ ಮೇಲೆ ಬಣ್ಣದ ರೋಲನ್ನು ಪೇಟೆಯ ಯಾವ ಕಲರ್ ಲ್ಯಾಬಿಗೆ ಕೊಟ್ಟರೂ ತೊಳೆದು ಕೊಡುತ್ತಿದ್ದರು. ಕ್ಯಾಮರಾ ಯಾವುದು, ರೋಲು ಯಾರದ್ದು ಎಂದು ಕೇಳಿ ಯಾರೂ ಹಿಂದಿರುಗಿಸುತ್ತಿರಲಿಲ್ಲ.

ಇದಕ್ಕೆ ಕಾರಣವಿತ್ತು. 1934ರಲ್ಲಿ ಕೊಡಕ್ ಹೊರತಂದ 35 ಮಿಲಿಮೀಟರ್ ಫಿಲಂ ಡಬ್ಬಿಯ ಅಳತೆಯನ್ನು ಉಳಿದವರೂ ಒಪ್ಪಿಕೊಂಡರು. 1972ರಲ್ಲಿ ಅದೇ ಸಂಸ್ಥೆ ಬಳಕೆಗೆ ತಂದ ಸಿ-41 ಎಂಬ ವರ್ಣ ನೆಗೆಟಿವ್ ತೊಳೆಯುವ ವಿಧಾನವನ್ನು ಮುಂದೆ ಫ್ಯೂಜಿ, ಕೊನಿಕಾ, ಆಗ್ಫಾದವರೂ ಅನುಸರಿಸಿದರು. ವ್ಯಾಪಾರದ ಪೈಪೋಟಿ ಜೋರಾಗಿಯೇ ಇತ್ತು. ಆದರೆ ಗಿರಾಕಿ ತೆಗೆದ ಚಿತ್ರಕ್ಕೆ ಯಾರೂ ಬೀಗ ಹಾಕಲಿಲ್ಲ. ನೆಗೆಟಿವ್ ಮನೆಯಲ್ಲಿದ್ದರೆ ಚಿತ್ರವೂ ಮನೆಯಲ್ಲಿದ್ದಂತೆಯೇ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಅಜ್ಜನ ಮುಖ ಕಾಣುತ್ತಿತ್ತು.

ಡಿಜಿಟಲ್ ಕ್ಯಾಮರಾ ಬಂದಾಗ ಈ ಸ್ವಾತಂತ್ರ್ಯದ ಒಂದು ಭಾಗ ಸದ್ದಿಲ್ಲದೆ ನಮ್ಮ ಕೈತಪ್ಪಿತು. ಅದನ್ನು ಮರಳಿ ಪಡೆಯಲು ನಡೆದ ಪ್ರಯತ್ನದ ಇತಿಹಾಸವನ್ನು ನಾವಿಲ್ಲಿ ನೋಡೋಣ.

ಅಕ್ಕಿ ಮತ್ತು ಅನ್ನ

ಡಿಜಿಟಲ್ ಕ್ಯಾಮರಾದ ಮೊದಲ ಮಾದರಿಯನ್ನು 1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದರು. ಅದೇ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಒಂದು ಪೇಟೆಂಟ್ ದೊರೆಯಿತು. ಕ್ಯಾಮರಾದೊಳಗಿನ ಸೆನ್ಸರ್‌ಗೆ ಬಣ್ಣ ತಿಳಿಯದು, ಬೆಳಕು ಎಷ್ಟು ಬಿತ್ತೆಂಬುದಷ್ಟೇ ತಿಳಿಯುತ್ತದೆ. ಬೇಯರ್ ಅದರ ಮೇಲೆ ಬಣ್ಣದ ಸೋಸುಗಗಳನ್ನು ಚದುರಂಗದ ಮನೆಗಳಂತೆ ಜೋಡಿಸಿದರು. ಪ್ರತಿ ನಾಲ್ಕು ಮನೆಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಒಂದೊಂದು ಬಿಂದುವಿಗೂ ಸಿಗುವುದು ಒಂದೇ ಬಣ್ಣದ ಲೆಕ್ಕ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಬೇಕು.

ಈ ಲೆಕ್ಕವನ್ನು ಕ್ಯಾಮರಾವೇ ಮಾಡಿ ಮುಗಿಸಿ ಕೊಡುವ ಚಿತ್ರವೇ ಜೆಪೆಗ್. ಲೆಕ್ಕ ಮಾಡದೆ, ಸೆನ್ಸರ್ ಕಂಡದ್ದನ್ನು ಕಂಡ ಹಾಗೆ ಬರೆದಿಡುವ ಕಡತಕ್ಕೆ ರಾ ಫೈಲ್, ಅಂದರೆ ಕಚ್ಚಾ ಕಡತ ಎಂದು ಹೆಸರು. ಜೆಪೆಗ್ ಅನ್ನವಾದರೆ ರಾ ಅಕ್ಕಿ. ಅಕ್ಕಿಯಿಂದ ಅನ್ನ, ರೊಟ್ಟಿ, ಪಾಯಸ ಏನು ಬೇಕಾದರೂ ಮಾಡಬಹುದು, ಅನ್ನವನ್ನು ಮತ್ತೆ ಅಕ್ಕಿ ಮಾಡಲಾಗದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ ಇದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ನೆರಳಿನಲ್ಲಿ ಕಪ್ಪಾಗಿಹೋದ ಮುಖವನ್ನು ಮತ್ತೆ ಬೆಳಕಿಗೆ ತರಲು ಸಾಧ್ಯವಾಗುವುದು ಇದರಿಂದಲೇ. ರಾ ಕಡತವೆಂದರೆ ಡಿಜಿಟಲ್ ಯುಗದ ನೆಗೆಟಿವ್.

ಆದರೆ ಈ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಂತಿಲ್ಲ. ಅದನ್ನು ಓದಬಲ್ಲ ತಂತ್ರಾಂಶ ಬೇಕು. ಕ್ಯಾನನ್ ತನ್ನ ಕಡತಕ್ಕೆ ಸಿಆರ್‌ಡಬ್ಲ್ಯೂ ಎಂದಿತು, ನಿಕಾನ್ ಎನ್‌ಇಎಫ್ ಎಂದಿತು, ಮಿನೋಲ್ಟಾ ಎಂಆರ್‌ಡಬ್ಲ್ಯೂ ಎಂದಿತು, ಒಲಿಂಪಸ್ ಓಆರ್‌ಎಫ್ ಎಂದಿತು. ಒಬ್ಬೊಬ್ಬರದು ಒಂದೊಂದು ಲಿಪಿ. ಆ ಲಿಪಿಯ ವ್ಯಾಕರಣವನ್ನು ಯಾರೂ ಹೊರಗೆ ಹೇಳಲಿಲ್ಲ.

ಕನ್ನಡ ಪತ್ರಿಕೆಯವರಾದ ನಮಗೆ ಈ ಸಂಕಟ ಅಪರಿಚಿತವಲ್ಲ. ಡಿಟಿಪಿಯ ಆರಂಭದ ವರ್ಷಗಳಲ್ಲಿ ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಯೂನಿಕೋಡ್ ಎಂಬ ಸಾಮಾನ್ಯ ಸಂಕೇತದಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತಾದರೂ ಅದು ನಮ್ಮ ಮೇಜಿಗೆ ಬರಲು ಬಹಳ ಕಾಲ ಹಿಡಿಯಿತು. ಅಕ್ಷರಕ್ಕೆ ಆದದ್ದೇ ಚಿತ್ರಕ್ಕೂ ಆಯಿತು.

ಬೀಗ ತೆರೆದವರು

1999ರಲ್ಲಿ ನಿಕಾನ್ ಡಿ1, 2000ದಲ್ಲಿ ಕ್ಯಾನನ್ ಡಿ30 ಮಾರುಕಟ್ಟೆಗೆ ಬಂದಾಗ ರಾ ಕಡತವನ್ನು ತೆರೆಯಲು ಆಯಾ ಕಂಪೆನಿಯ ತಂತ್ರಾಂಶವೇ ಮುಖ್ಯ ದಾರಿಯಾಗಿತ್ತು. ಒಂದು ಕಂಪೆನಿಯ ತಂತ್ರಾಂಶ ಇನ್ನೊಂದರ ಕಡತವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಎರಡು ಬಗೆಯ ಕ್ಯಾಮರಾಗಳಿರುವ ಸ್ಟುಡಿಯೋದವರು ಎರಡು ತಂತ್ರಾಂಶಗಳನ್ನು ಕಲಿಯಬೇಕಾಗಿತ್ತು.

ಈ ಗೋಡೆಯಲ್ಲಿ ಬಿರುಕು ಬಿಟ್ಟದ್ದು ಯಾವುದೋ ದೊಡ್ಡ ಸಂಸ್ಥೆಯಿಂದಲ್ಲ. 1997ರಲ್ಲಿ ಅಮೆರಿಕದ ಪ್ರೋಗ್ರಾಮರ್ ಡೇವ್ ಕಾಫಿನ್ ‘ಡಿಸಿರಾ’ ಎಂಬ ಪುಟ್ಟ ತಂತ್ರಾಂಶವನ್ನು ಬರೆಯಲಾರಂಭಿಸಿದರು. ಯಾವ ಕ್ಯಾಮರಾದ ಕಚ್ಚಾ ಕಡತವಾದರೂ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವಂತಾಗಬೇಕೆಂಬುದು ಅವರ ಗುರಿ. ಕಂಪೆನಿಗಳು ಹೇಳದ ಗುಟ್ಟನ್ನು ಅವರು ಕಡತದ ಅಂಕಿಗಳನ್ನೇ ಒಂದೊಂದಾಗಿ ಪರೀಕ್ಷಿಸಿ ಕಂಡುಹಿಡಿದರು. ಕಂಡದ್ದನ್ನು ಬಚ್ಚಿಡದೆ ಎಲ್ಲರಿಗೂ ಉಚಿತವಾಗಿ ಕೊಟ್ಟರು. ವರ್ಷಗಳು ಕಳೆದಂತೆ ನೂರಾರು ಕ್ಯಾಮರಾಗಳು ಅವರ ಪಟ್ಟಿಗೆ ಸೇರಿದವು. ವಾಣಿಜ್ಯ ತಂತ್ರಾಂಶಗಳೂ ಅವರ ಕೆಲಸದಿಂದ ಪ್ರಯೋಜನ ಪಡೆದವು.

ವ್ಯಾಪಾರ ಸಂಸ್ಥೆಗಳೂ ಇದೇ ದಾರಿಗೆ ಬಂದವು. ಡೆನ್ಮಾರ್ಕಿನ ಫೇಸ್ ಒನ್ ಸಂಸ್ಥೆಯ ‘ಕ್ಯಾಪ್ಚರ್ ಒನ್’ ತಂತ್ರಾಂಶ ಹುಟ್ಟಿದ್ದು ಆ ಸಂಸ್ಥೆಯದೇ ದುಬಾರಿ ಉಪಕರಣಗಳಿಗಾಗಿ. 2000ದ ನಂತರದ ಕೆಲವೇ ವರ್ಷಗಳಲ್ಲಿ ಅದು ಕ್ಯಾನನ್, ನಿಕಾನ್ ಕ್ಯಾಮರಾಗಳ ಕಡತಗಳಿಗೂ ಬಾಗಿಲು ತೆರೆಯಿತು. ಫೋಟೋಶಾಪ್‌ನ ಜನಕರಲ್ಲೊಬ್ಬರಾದ ಥಾಮಸ್ ನಾಲ್ ‘ಕ್ಯಾಮರಾ ರಾ’ ಎಂಬ ಪೂರಕ ತಂತ್ರಾಂಶವನ್ನು ಬರೆದರು. 2003ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆ ಅದನ್ನು ಪ್ರತ್ಯೇಕವಾಗಿ ಮಾರಿತು, ಅದೇ ವರ್ಷ ಬಂದ ಫೋಟೋಶಾಪ್ ಸಿಎಸ್‌ನಲ್ಲಿ ಅದು ಒಳಗೇ ಸೇರಿಕೊಂಡಿತು. ಹತ್ತಾರು ಕ್ಯಾಮರಾಗಳ ಕಡತಗಳು ಒಂದೇ ಕಿಟಕಿಯಲ್ಲಿ ತೆರೆದುಕೊಳ್ಳತೊಡಗಿದವು.

ಇಲ್ಲಿ ಕಂಪೆನಿಗಳಿಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸಬೇಕು. ಹೊಸ ಕ್ಯಾಮರಾವನ್ನು ತಂತ್ರಾಂಶದ ಪಟ್ಟಿಗೆ ಸೇರಿಸುವುದು ಹೆಸರು ಬರೆದಷ್ಟು ಸುಲಭವಲ್ಲ. ಪ್ರತಿ ಸೆನ್ಸರ್‌ನ ಬಣ್ಣದ ಸೋಸುಗಗಳು ಬೇರೆ, ಕಪ್ಪಿನ ಮಟ್ಟ ಬೇರೆ. ಅವನ್ನು ಅಳೆಯಬೇಕು. 2012ರಲ್ಲಿ ಫ್ಯೂಜಿ ಸಂಸ್ಥೆ ಎಕ್ಸ್-ಪ್ರೊ1 ಕ್ಯಾಮರಾದಲ್ಲಿ ಬೇಯರ್ ಜೋಡಣೆಯನ್ನೇ ಬಿಟ್ಟು ಎಕ್ಸ್-ಟ್ರಾನ್ಸ್ ಎಂಬ ಬೇರೆ ಜೋಡಣೆಯನ್ನು ತಂದಾಗ ತಂತ್ರಾಂಶದವರು ಹೊಸ ಲೆಕ್ಕವನ್ನೇ ಕಲಿಯಬೇಕಾಯಿತು. ಹೊಸತನದಿಂದ ಬಂದ ಇಂಥ ಕಷ್ಟವನ್ನು ಯಾರೂ ದೂರುವುದಿಲ್ಲ. ಬೇಕೆಂದೇ ಹಾಕಿದ ಬೀಗದ ಮಾತು ಬೇರೆ.

2005ರ ವಿವಾದ

ಅಂಥ ಬೀಗ 2005ರಲ್ಲಿ ಸುದ್ದಿಯಾಯಿತು. ನಿಕಾನ್ ಡಿ2ಎಕ್ಸ್ ಕ್ಯಾಮರಾದ ಕಡತದಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ಕಾಣಿಸುವ ಅಂಕಿಗಳನ್ನು, ಗೂಢಲಿಪಿಯಲ್ಲಿ ಬರೆಯಲಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಥಾಮಸ್ ನಾಲ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಬಿಡಿಸಲು ತಂತ್ರ ತಿಳಿಯದೆಂಬುದು ಅವರ ತೊಡಕಾಗಿರಲಿಲ್ಲ. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಇಂಥ ಬೀಗವನ್ನು ಮುರಿಯುವುದೇ ಅಪರಾಧವಾಗಬಹುದೆಂಬ ಭಯವಿತ್ತು.

ಎನ್‌ಇಎಫ್ ತನ್ನ ಸ್ವಂತ ಸ್ವರೂಪ, ತನ್ನ ತಂತ್ರಜ್ಞಾನವನ್ನು ಕಾಪಾಡಿಕೊಳ್ಳುವ ಹಕ್ಕು ತನಗಿದೆ ಎಂಬುದು ನಿಕಾನ್‌ನ ನಿಲುವು. ಛಾಯಾಗ್ರಾಹಕರ ಪ್ರಶ್ನೆ ಸರಳವಾಗಿತ್ತು. ಕ್ಯಾಮರಾ ಕೊಂಡದ್ದು ನಾವು, ಬಿಸಿಲಲ್ಲಿ ನಿಂತು ಚಿತ್ರ ತೆಗೆದದ್ದು ನಾವು. ಆ ಚಿತ್ರದ ಮಾಹಿತಿಯನ್ನು ನಮ್ಮಿಂದಲೇ ಮುಚ್ಚಿಡುವ ಹಕ್ಕು ನಿಮಗೆ ಎಲ್ಲಿಂದ ಬಂತು? ಡೇವ್ ಕಾಫಿನ್ ಆ ಗೂಢಲಿಪಿಯನ್ನು ಬಿಡಿಸಿ ತೋರಿಸಿದರು. ನಿಕಾನ್ ತಂತ್ರಾಂಶ ಸಂಸ್ಥೆಗಳಿಗೆ ಒಂದು ಕಿರು ಸಲಕರಣೆಯನ್ನು ಒದಗಿಸುವ ದಾರಿ ಹಿಡಿಯಿತು. ಅದೇ ವರ್ಷ ಛಾಯಾಗ್ರಾಹಕರ ‘ಓಪನ್‌ರಾ’ ಬಳಗ ಹುಟ್ಟಿಕೊಂಡಿತು. ಕಡತದ ವ್ಯಾಕರಣವನ್ನು ಪ್ರಕಟಿಸಿ ಎಂಬುದು ಅದರ ಬೇಡಿಕೆ.

ಇದಕ್ಕೂ ಮೊದಲು, 2004ರ ಸೆಪ್ಟೆಂಬರ್‌ನಲ್ಲಿ, ಅಡೋಬಿ ಸಂಸ್ಥೆ ಡಿಎನ್‌ಜಿ ಎಂಬ ಸಾಮಾನ್ಯ ಕಚ್ಚಾ ಕಡತದ ಸ್ವರೂಪವನ್ನು ಪ್ರಕಟಿಸಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂದು ಹೇಳಿತ್ತು. 2006ರಲ್ಲಿ ಲೈಕಾ ಎಂ8, ಪೆಂಟಾಕ್ಸ್ ಕೆ10ಡಿ ಕ್ಯಾಮರಾಗಳು ಅದನ್ನು ಅಳವಡಿಸಿಕೊಂಡವು. 2014ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ 2016ರಲ್ಲಿ ಐಫೋನಿಗೂ ಅದು ಬಂತು. ಕ್ಯಾನನ್, ನಿಕಾನ್, ಸೋನಿ ಮಾತ್ರ ತಮ್ಮ ತಮ್ಮ ಸ್ವರೂಪಗಳನ್ನು ಬಿಡಲಿಲ್ಲ. 2018ರಲ್ಲಿ ಕ್ಯಾನನ್ ಸಿಆರ್3 ಎಂಬ ಹೊಸ ಕಡತವನ್ನು ತಂದಾಗ ಮುಕ್ತ ತಂತ್ರಾಂಶದವರು ಮತ್ತೆ ಮೊದಲಿನಿಂದ ಅಗೆಯಬೇಕಾಯಿತು.

ಸಾಕ್ಷಿಯ ಮಾತು

ಇಷ್ಟೆಲ್ಲ ವ್ಯಾಪಾರದ ಜಗಳ ನಮಗೇಕೆ ಎಂದು ಓದುಗರು ಕೇಳಬಹುದು. ಎರಡು ಕಾರಣಗಳಿವೆ.

ಮೊದಲನೆಯದು, ಕಂಪೆನಿಗಳು ಶಾಶ್ವತವಲ್ಲ. ಕಾಂಟ್ಯಾಕ್ಸ್ ಹೆಸರಿನ ಕ್ಯಾಮರಾಗಳನ್ನು ನಿಲ್ಲಿಸುವುದಾಗಿ ಕ್ಯೋಸೆರಾ 2005ರಲ್ಲಿ ಹೇಳಿತು. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮರಾ ವ್ಯಾಪಾರದಿಂದ ಹೊರನಡೆಯಿತು. ಡಿಜಿಟಲ್ ಕ್ಯಾಮರಾವನ್ನು ಹುಟ್ಟಿಸಿದ ಕೊಡಕ್ ಸಂಸ್ಥೆಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಅವುಗಳ ಕ್ಯಾಮರಾಗಳಲ್ಲಿ ತೆಗೆದ ಮದುವೆ, ಹಬ್ಬ, ಹೆತ್ತವರ ಚಿತ್ರಗಳು ಇಂದಿಗೂ ತೆರೆದುಕೊಳ್ಳುತ್ತಿದ್ದರೆ ಅದಕ್ಕೆ ಕಾರಣ ‘ಬೇರೆಯವರ ಕ್ಯಾಮರಾ’ ಎಂದು ತಳ್ಳಿಹಾಕದೆ ಆ ಲಿಪಿಗಳನ್ನು ಕಲಿತಿಟ್ಟ ತಂತ್ರಾಂಶಗಳು.

ಎರಡನೆಯದು ಇನ್ನೂ ಮುಖ್ಯ. ರಾ ಕಡತ ಒಂದು ಸಾಕ್ಷಿ. ತಿರುಚಿದ ಒಂದು ಚಿತ್ರ ಒಂದು ಊರಿನ ನೆಮ್ಮದಿಯನ್ನೇ ಕೆಡಿಸಬಲ್ಲದೆಂಬುದನ್ನು ನಾವು ಬಲ್ಲೆವು. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ, ಕೊನೆಯ ಸುತ್ತಿಗೆ ಮುಂಚಿನ ಹಂತ ತಲುಪಿದ್ದ ಚಿತ್ರಗಳಲ್ಲಿ ಶೇಕಡಾ 20ರಷ್ಟನ್ನು ಮೂಲ ಕಡತದೊಂದಿಗೆ ಹೋಲಿಸಿ ನೋಡಿದ ಮೇಲೆ ಕೈಬಿಡಲಾಯಿತು. ಮೂಲ ಕಡತವಿದ್ದುದರಿಂದ ಸುಳ್ಳು ಹೊರಬಿತ್ತು. ಸಾಕ್ಷಿಯ ಮಾತು ಒಬ್ಬನೇ ದುಭಾಷಿಗೆ ತಿಳಿಯುವುದಾದರೆ, ಆ ದುಭಾಷಿ ಹೇಳಿದ್ದೇ ಸತ್ಯವಾಗುತ್ತದೆ. ಹಲವರಿಗೆ ತಿಳಿಯುವುದಾದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ತೋರಿಸಬಹುದು. ನ್ಯಾಯಕ್ಕೆ ಬೇಕಾದದ್ದು ಎರಡನೆಯದು.

ಬೆಳಕಿನ ವಿದ್ಯೆ ಬೆಳೆದದ್ದೂ ಹೀಗೆಯೇ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಹಳೆಯ ನಂಬಿಕೆಯನ್ನು ತಿರಸ್ಕರಿಸಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ವಿವರಿಸಿದರು. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಒಳಬರುವ ಬೆಳಕಿನ ಮೇಲೆ ಪ್ರಯೋಗಗಳನ್ನು ನಡೆಸಿದರು. ಅವರ ‘ಕಿತಾಬುಲ್ ಮನಾಝಿರ್’ 1200ರ ಆಸುಪಾಸಿನಲ್ಲಿ ಲ್ಯಾಟಿನ್‌ಗೆ ಹೋಯಿತು, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಕೆಪ್ಲರ್‌ನಂಥವರು ಆ ಪರಂಪರೆಯಿಂದ ಕಲಿತು ಅದನ್ನು ತಿದ್ದಿ ಮುಂದುವರಿಸಿದರು. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಓದಲು ಸಾಧ್ಯವಾದದ್ದರಿಂದಲೇ ಕತ್ತಲೆ ಕೋಣೆ ಒಂದು ದಿನ ಕ್ಯಾಮರಾ ಆಯಿತು.

ಕಸುಬಿನ ಜಾಣ್ಮೆಗೆ ಬೆಲೆ ಕೇಳುವುದು ತಪ್ಪಲ್ಲ. ಒಳ್ಳೆಯ ಲೆನ್ಸ್ ಮಾಡಿದವರು, ಒಳ್ಳೆಯ ತಂತ್ರಾಂಶ ಬರೆದವರು ಲಾಭ ಗಳಿಸಲಿ. ಆದರೆ ನಮ್ಮ ಚಿತ್ರ ಅವರ ಕೈಯಲ್ಲಿ ಅಮಾನತ್ತೇ ಹೊರತು ಅವರ ಸೊತ್ತಲ್ಲ. ಕ್ಯಾಮರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ನಾವು, ಇದರ ಕಡತವನ್ನು ಬೇರೆ ಯಾವ ಯಾವ ತಂತ್ರಾಂಶ ಓದುತ್ತದೆ ಎಂದೂ ಕೇಳೋಣ. ಮುಖ್ಯವಾದ ಚಿತ್ರಗಳ ಮೂಲ ಕಡತದ ಜೊತೆಗೆ ಡಿಎನ್‌ಜಿ ಅಥವಾ ಟಿಫ್ ಪ್ರತಿಯೊಂದನ್ನೂ ತೆಗೆದಿಡೋಣ. ಅಜ್ಜನ ನೆಗೆಟಿವ್ ನಮಗೆ ಉಳಿದು ಬಂತು. ನಾವು ಬಿಟ್ಟುಹೋಗುವ ಚಿತ್ರಗಳನ್ನು ನಮ್ಮ ಮೊಮ್ಮಕ್ಕಳೂ ಯಾರ ಅಪ್ಪಣೆಯೂ ಇಲ್ಲದೆ ತೆರೆದು ನೋಡುವಂತಾಗಬೇಕು.